ತಿಳಿನೀರಿನ ಅಡಿಯಲ್ಲಿ

"ಮಳೆ ನಿಂತು ವಾರವಾಯ್ತು, ಈಗ ನೋಡಿ, ತಳವೇ ಕಾಣುತ್ತೆ. ಇನ್ನೇನು ತೊಂದರೆ?" ಕಡಲಂಚಿನಲ್ಲಿ ಗುಡ್ಡ ಅಗೆಸುವವರು ನನ್ನನ್ನು ಕರೆಸಿದಾಗಲೆಲ್ಲ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹವಳದ ದಿಬ್ಬಗಳ ಆರೋಗ್ಯ ನೋಡುವುದು ನನ್ನ ಕೆಲಸ.

ನೀರು ತಿಳಿಯಾಯಿತೆಂದರೆ, ಅಗೆದ ಗುಡ್ಡದಿಂದ ಮಳೆ ಕಡಲಿಗೆ ಕೊಚ್ಚಿ ತಂದ ಹೂಳು ತಳ ಸೇರಿತು ಎಂದಷ್ಟೇ ಅರ್ಥ. ಆ ತಳದಲ್ಲಿ ಹವಳವಿದೆ. ಅದೂ ಪ್ರಾಣಿಯೇ, ಆದರೆ ಎದ್ದು ಪಕ್ಕಕ್ಕೆ ಸರಿಯಲಾರದು. ಮೈಮೇಲೆ ಬಿದ್ದ ಮಣ್ಣನ್ನು ಲೋಳೆ ಸುರಿಸಿ ಜಾರಿಸಬೇಕು, ಬೆಳವಣಿಗೆಗೆ ಬೇಕಾದ ಶಕ್ತಿಯೆಲ್ಲ ಅದಕ್ಕೇ ಖರ್ಚು. ಒಮ್ಮೆ ಅಂಥದೇ ತಿಳಿನೀರಿನಲ್ಲಿ ಮುಳುಗಿ, ತಟ್ಟೆಯಂತೆ ಹರಡಿದ್ದ ಹವಳವೊಂದರ ಮೇಲೆ ಕೈ ಬೀಸಿದೆ. ನುಣ್ಣನೆಯ ಕೆಸರು ಹೊಗೆಯಂತೆ ಎದ್ದಿತು. ಅಡಿಯಲ್ಲಿ ಬರೀ ಬಿಳಿ ಅಸ್ಥಿ. ಜೀವಂತ ಕಂದು ಬಣ್ಣ ಉಳಿದದ್ದು ಅಂಚಿನಲ್ಲಿ, ಒಂದು ಬೆರಳಗಲ. ನಾನು ಎಬ್ಬಿಸಿದ ಕೆಸರು ನೋಡುತ್ತಿದ್ದಂತೆ ಮತ್ತೆ ಅದರ ಮೇಲೇ ಕೂತಿತು. ಗಾಳಿ ಜೋರಾದ ದಿನವೂ ಆಗುವುದು ಹೀಗೆಯೇ.

ಮರಳಾದರೆ ಅನೇಕ ಹವಳಗಳು ತಡೆದುಕೊಳ್ಳುತ್ತವೆ. ಕೊಳೆತ ಎಲೆ, ಚರಂಡಿ ಕಸ ಬೆರೆತ ನುಣುಪು ಮಣ್ಣಿನ ಕಥೆ ಬೇರೆ. ಅದರೊಳಗಿನ ಬ್ಯಾಕ್ಟೀರಿಯಾ ಆಮ್ಲಜನಕ ಹೀರಿ ಮುಗಿಸುವುದರಿಂದ ಕೆಲವು ಜಾತಿಗಳು ದಿನಗಳಲ್ಲೇ ಸಾಯಬಹುದು. ಕರಗಿದ ಗೊಬ್ಬರವಂತೂ ಕಣ್ಣಿಗೆ ಕಾಣುವುದೇ ಇಲ್ಲ, ಅದನ್ನುಂಡು ಪಾಚಿ ಹಬ್ಬಿದಾಗಲೇ ಗೊತ್ತಾಗುವುದು.

ಹಾಗೆಂದು ಪ್ರತಿ ಸಾವಿಗೂ ಮಣ್ಣನ್ನೇ ದೂರಲಾರೆ. ನೀರು ಬಿಸಿಯೇರಿದರೂ ಹವಳ ಬಿಳುಚಿ ಸಾಯುತ್ತದೆ, ಸ್ಥಳ ನೋಡದೆ ತೀರ್ಪು ಕೊಡುವುದಿಲ್ಲ. ಆದರೆ ವರ್ಷ ವರ್ಷ ಬೆಳೆಯುವ ತನ್ನ ಅಸ್ಥಿಯ ಪದರಗಳಲ್ಲಿ ಹವಳ ಲೆಕ್ಕ ಇಡುತ್ತದೆ. ಆಸ್ಟ್ರೇಲಿಯಾದ ಬರ್ಡೆಕಿನ್ ನದಿಯ ಪ್ರವಾಹ ತಲುಪುವ ಕಡೆ ಹವಳ ಕೊರೆದು ಪರೀಕ್ಷಿಸಿದಾಗ, ನದಿಮಣ್ಣಿನ ಜತೆ ಬರುವ ಬೇರಿಯಂ ಎಂಬ ಲೋಹದ ಅಂಶ 1870ರ ಸುಮಾರಿನಿಂದ ಏರಿದ್ದು ಪದರಪದರವಾಗಿ ಸಿಕ್ಕಿತು. ವಲಸೆ ಬಂದವರು ಅಲ್ಲಿ ದನಕುರಿ ಮೇಯಿಸತೊಡಗಿದ ಕಾಲವದು. ಪ್ರವಾಹಗಳ ನಡುವೆ ಅಲ್ಲಿಯೂ ನೀರು ತಿಳಿಯಾಗುತ್ತಲೇ ಇತ್ತು.

ತಡೆದರೆ ಚೇತರಿಕೆ ಸಾಧ್ಯ. ಹವಾಯಿಯ ಕನೇಒಹೆ ಕೊಲ್ಲಿಗೆ ಬೀಳುತ್ತಿದ್ದ ಚರಂಡಿ ನೀರನ್ನು 1977–78ರಲ್ಲಿ ಹೊರಗಿನ ಆಳ ಸಮುದ್ರಕ್ಕೆ ತಿರುಗಿಸಿದ ಮೇಲೆ ಹವಳ ಮರಳಿತು, ಪಾಚಿ ಮಾತ್ರ ಅಷ್ಟು ಸುಲಭಕ್ಕೆ ಜಾಗ ಬಿಡಲಿಲ್ಲ.

ಒಬ್ಬ ಮೇಸ್ತ್ರಿಗೆ ಇದನ್ನೆಲ್ಲ ಹೇಳದೆ, ಅವನ ಕಾಲುವೆಯ ನೀರನ್ನೇ ಬಾಟಲಿಯಲ್ಲಿ ತುಂಬಿಸಿ ಕೊಟ್ಟೆ. ಮರುದಿನ ಮೇಲೆ ಸ್ಫಟಿಕದಂಥ ನೀರು, ಕೆಳಗೆ ಎರಡು ಬೆರಳು ಕೆಸರು. ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಉಳಿದ ಇಳಿಜಾರನ್ನು ಮಳೆಗಾಲ ಮುಗಿಯುವವರೆಗೆ ಅಗೆಯುವುದು ಬೇಡವೆಂದು ಧಣಿಗೆ ಅವನೇ ಹೇಳಿದ.