ನಿಕ್ಕತ್ಸು: ಒಂದು ಕಂಪನಿ, ಎರಡು ಸ್ಟುಡಿಯೊ (1912–1923)

ಜಪಾನಿನ ಮೂಕಿಚಿತ್ರಗಳ ಇತಿಹಾಸವನ್ನು ಓದಲು ಕುಳಿತವರಿಗೆ ನಿಕ್ಕತ್ಸು ಎಂಬ ಹೆಸರು ಮೊದಲ ಪುಟಗಳಲ್ಲಿಯೇ ಎದುರಾಗುತ್ತದೆ. ‘ನಿಪ್ಪೊನ್ ಕತ್ಸುದೋ ಶಾಶಿನ್’ ಎಂಬುದರ ಸಂಕ್ಷಿಪ್ತ ರೂಪವಿದು. ಕತ್ಸುದೋ ಶಾಶಿನ್ ಎಂದರೆ ಚಲಿಸುವ ಛಾಯಾಚಿತ್ರ, ಹೆಚ್ಚುಕಡಿಮೆ ನಮ್ಮ ‘ಚಲನಚಿತ್ರ’ವೇ. 1912ರ ಸೆಪ್ಟೆಂಬರಿನಲ್ಲಿ ಯೊಶಿಜಾವಾ, ಯೊಕೊತಾ, ಎಂ. ಪಾತೆ ಮತ್ತು ಫುಕುಹೋದೋ ಎಂಬ ನಾಲ್ಕು ಕಂಪನಿಗಳು, ಅಮೆರಿಕದ ಚಿತ್ರೋದ್ಯಮದ ಒಕ್ಕೂಟವನ್ನು ಮಾದರಿಯಾಗಿಟ್ಟುಕೊಂಡು, ವಿಲೀನವಾದವು. ಈ ನಾಲ್ಕೂ ಚಿತ್ರ ತಯಾರಿಕೆಯ ಜೊತೆಗೆ ಪ್ರದರ್ಶನದ ವ್ಯಾಪಾರವನ್ನೂ ನಡೆಸುತ್ತಿದ್ದವು ಎಂಬುದನ್ನು ನೆನಪಿಡಬೇಕು. ನನ್ನ ಓದಿನಲ್ಲಿ ನಿಕ್ಕತ್ಸುವಿನ ಮೊದಲ ದಶಕಕ್ಕೆ ಇದೇ ಕೀಲಿಕೈ: ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದನ್ನು ಸ್ಟುಡಿಯೊಗಿಂತ ಹೆಚ್ಚಾಗಿ ಚಿತ್ರಮಂದಿರವೇ ನಿರ್ಧರಿಸುತ್ತಿತ್ತು.

ಆ ಚಿತ್ರಮಂದಿರದಲ್ಲಿ ಪ್ರೇಕ್ಷಕರನ್ನು ಹಿಡಿದಿಟ್ಟವನು ಬೆನ್ಶಿ, ಅಂದರೆ ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುವ, ಪಾತ್ರಗಳ ಮಾತನ್ನು ಆಡುವ ನಿರೂಪಕ. ಕೆಲವೆಡೆ ಹಲವು ಬೆನ್ಶಿಗಳು ಪಾತ್ರಗಳನ್ನು ಹಂಚಿಕೊಂಡು ದನಿ ಕೊಡುತ್ತಿದ್ದರು. ಚಿತ್ರಿಕೆ (ಶಾಟ್) ಪದೇ ಪದೇ ಬದಲಾದರೆ ಅವರ ಮಾತಿನ ಓಟ ಕಡಿಯುತ್ತದೆ. ಆದ್ದರಿಂದ ದೂರದಿಂದ, ರಂಗಮಂಚದಂತೆ, ದೀರ್ಘವಾಗಿ ಚಿತ್ರಿಸುವುದೇ ಅನುಕೂಲವಾಗಿತ್ತು. ಇದನ್ನು ತಂತ್ರಜ್ಞಾನದ ಹಿಂದುಳಿದಿರುವಿಕೆ ಎಂದು ಬರೆದುಬಿಡುವುದು ತಪ್ಪಾಗುತ್ತದೆ.

ಕಂಪನಿಯ ಕೆಲಸ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ಕ್ಯೋತೊದಲ್ಲಿ ಖಡ್ಗವೀರರ ಐತಿಹಾಸಿಕ ಚಿತ್ರಗಳು ತಯಾರಾಗುತ್ತಿದ್ದವು. ಅಲ್ಲಿನ ಸೆಂಬೊನ್‌ಜಾ ನಾಟಕಶಾಲೆಯನ್ನು ನಡೆಸುತ್ತಿದ್ದ ಮಕಿನೊ ಶೋಜೊ ನಿರ್ದೇಶಕರು. ಸಂಚಾರಿ ನಾಟಕ ತಂಡದಿಂದ ಅವರು ಕರೆತಂದ ಒನೊಎ ಮತ್ಸುನೊಸುಕೆ ಜಪಾನಿನ ಮೊದಲ ತಾರೆ. ಕಣ್ಣರಳಿಸಿ ನೋಡುವ ಭಂಗಿಗಾಗಿ ಅವರಿಗೆ ‘ಕಣ್ಣುಗುಡ್ಡೆಯ ಮಚ್ಚಾನ್’ ಎಂಬ ಅಡ್ಡಹೆಸರಿತ್ತು. ಮಕಿನೊ ಲಿಖಿತ ಚಿತ್ರಕಥೆಯನ್ನು ನೆಚ್ಚದೆ, ಕ್ಯಾಮೆರಾ ತಿರುಗುತ್ತಿರುವಾಗಲೇ ಪಕ್ಕದಲ್ಲಿ ನಿಂತು ಸಂಭಾಷಣೆಯನ್ನು ಗಟ್ಟಿಯಾಗಿ ಹೇಳಿಕೊಡುತ್ತಿದ್ದರು. ಮೊದಲು ಕಥೆ, ಎರಡನೆಯದು ಚಿತ್ರದ ಸ್ಪಷ್ಟತೆ, ಮೂರನೆಯದು ಅಭಿನಯ ಎಂಬುದು ಅವರ ಸೂತ್ರ. ಇವರಿಬ್ಬರ ಚಿತ್ರಗಳಲ್ಲಿ ಬಹುಪಾಲು ನಾಶವಾಗಿದ್ದರೂ 1921ರ ‘ಜಿರೈಯಾ’ದ ಒಂದು ಭಾಗ ಉಳಿದಿದೆ. ಅದರಲ್ಲಿ ಮಾಂತ್ರಿಕ ನಾಯಕ ಇದ್ದಕ್ಕಿದ್ದಂತೆ ದೈತ್ಯ ಕಪ್ಪೆಯಾಗುತ್ತಾನೆ. ಕ್ಯಾಮೆರಾವನ್ನು ನಿಲ್ಲಿಸಿ, ನಟನ ಜಾಗದಲ್ಲಿ ಕಪ್ಪೆಯನ್ನು ತಂದು, ಮತ್ತೆ ಹಿಡಿ ತಿರುಗಿಸಿದರೆ ಆಯಿತು. ಅಷ್ಟು ಸರಳವಾದ ಉಪಾಯ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸಾಧ್ಯವಾದವರು ಇದನ್ನು ನೋಡಲೇಬೇಕು.

ಟೋಕಿಯೊದ ಸುಮಿದಾ ನದಿಯ ದಡದಲ್ಲಿದ್ದ ಮುಕೋಜಿಮಾ ಸ್ಟುಡಿಯೊ 1913ರಲ್ಲಿ ಆರಂಭವಾಯಿತು. ಸೂರ್ಯನ ಬೆಳಕಿಗಾಗಿ ಗಾಜಿನಿಂದ ಕಟ್ಟಿದ ಅಲ್ಲಿನ ಅಂಗಳದಲ್ಲಿ ಸಮಕಾಲೀನ ಜೀವನದ ಕರುಣಾಜನಕ ಕಥೆಗಳು ಚಿತ್ರಿತವಾಗುತ್ತಿದ್ದವು. ಸ್ತ್ರೀಪಾತ್ರಗಳನ್ನು ‘ಒಯಾಮಾ’ ಎಂಬ ಪುರುಷ ನಟರೇ ವಹಿಸುತ್ತಿದ್ದರು. ದೂರದ ಚಿತ್ರಿಕೆಯಲ್ಲಿ ಸಲ್ಲುವ ಸ್ತ್ರೀವೇಷ ಮುಖವನ್ನು ಹತ್ತಿರದಿಂದ ತೋರಿಸಿದಾಗ ಸಲ್ಲದು. ಹೀಗಾಗಿ ನಟಿಯರು ಬೇಕೆಂಬ ಬೇಡಿಕೆ ಮತ್ತು ಕ್ಯಾಮೆರಾ ಹತ್ತಿರ ಬರಬೇಕೆಂಬ ಬೇಡಿಕೆ ಒಟ್ಟಿಗೇ ಬೆಳೆದವು. 1920ರಲ್ಲಿ ಆರಂಭವಾದ, ಪ್ರತಿಸ್ಪರ್ಧಿ ಕಂಪನಿ ಶೋಚಿಕುವಿನ ಕಮಾತಾ ಸ್ಟುಡಿಯೊ ನಟಿಯರನ್ನೇ ಮುಂದಿಟ್ಟಿದ್ದರಿಂದ ನಿಕ್ಕತ್ಸುವಿನ ಮೇಲಿನ ಒತ್ತಡ ಹೆಚ್ಚಿತು. ಮುಕೋಜಿಮಾದ ನಿರ್ದೇಶಕ ತನಾಕಾ ಎಯ್‌ಜೊ ಒಯಾಮಾಗಳನ್ನು ಇಟ್ಟುಕೊಂಡೇ ಹೊಸ ಶೈಲಿಯನ್ನು ಹುಡುಕಿದರು. 1922ರ ಕೊನೆಯ ಹೊತ್ತಿಗೆ ಆ ನಟರು ಗುಂಪಾಗಿ ಕಂಪನಿಯನ್ನು ತೊರೆದಾಗ ಹಳೆಯ ಪದ್ಧತಿಯ ಬೆನ್ನೆಲುಬು ಮುರಿಯಿತು. ಕಲಿತ ವಿದ್ಯೆ ಒಮ್ಮೆಗೇ ಬೇಡವಾದ ಆ ನಟರ ಸಂಕಟವನ್ನು ಇತಿಹಾಸಗಳು ಒಂದೇ ಸಾಲಿನಲ್ಲಿ ದಾಟಿಬಿಡುವುದು ನನಗೆ ಬೇಸರದ ಸಂಗತಿ.

ಮರುವರ್ಷ ತನಾಕಾ ಅವರ ಸಹಾಯಕರಾಗಿದ್ದ ಮಿಜೊಗುಚಿ ಕೆಂಜಿ ನಿರ್ದೇಶಕರಾದರು. ಅದೇ 1923ರ ಸೆಪ್ಟೆಂಬರ್ 1ರಂದು ಕಾಂತೋ ಮಹಾಭೂಕಂಪ ಟೋಕಿಯೊವನ್ನು ನೆಲಕ್ಕುರುಳಿಸಿತು. ಮುಕೋಜಿಮಾ ಮತ್ತೆ ಚೇತರಿಸಿಕೊಳ್ಳಲಿಲ್ಲ. ಮಿಜೊಗುಚಿಯವರೂ ಅವರ ಸಹೋದ್ಯೋಗಿಗಳೂ ಕ್ಯೋತೊದ ತೈಶೋಗುನ್ ಸ್ಟುಡಿಯೊಗೆ ಹೊರಟರು. ಹತ್ತು ವರ್ಷ ಎರಡು ಊರುಗಳಲ್ಲಿ ಬೇರೆಬೇರೆಯಾಗಿ ಬೆಳೆದಿದ್ದ ಖಡ್ಗವೀರರ ಚಿತ್ರ ಮತ್ತು ಸಮಕಾಲೀನ ಚಿತ್ರ ಅಲ್ಲಿ ಒಂದೇ ಆವರಣದೊಳಗೆ ತಯಾರಾಗತೊಡಗಿದವು.