ಕ್ರೂ ಶೆಡ್ಯೂಲಿಂಗ್ ಕೆಲಸಕ್ಕೆ ಸೈನ್ಸ್ ಓದಿರಬೇಕಾ?

ಪ್ರಶ್ನೆ: ಮಗಳದ್ದು ಪ್ಲಸ್ ಟುವಿನಲ್ಲಿ ಕಾಮರ್ಸ್, ಈಗ ಬಿಕಾಂ ಮುಗಿದಿದೆ. ಏರ್‌ಲೈನಿನ ಕ್ರೂ ಶೆಡ್ಯೂಲಿಂಗಿಗೆ ಅರ್ಜಿ ಹಾಕಬಹುದಾ? ಸೈನ್ಸ್ ಇಲ್ಲದೆ ಆಗುವುದಿಲ್ಲ ಎನ್ನುತ್ತಾರೆ.
– ಬದಿಯಡ್ಕದಿಂದ ಒಬ್ಬ ತಂದೆ

ಧಾರಾಳ ಹಾಕಬಹುದು. ಸೈನ್ಸ್ ಬೇಡ. ಕುಂಬಳೆಯವರೂ ಮುಳ್ಳೇರಿಯದವರೂ ಇದನ್ನೇ ಕೇಳುತ್ತಿರುತ್ತಾರೆ, ನಾನೂ ಇದನ್ನೇ ಹೇಳುತ್ತಿರುತ್ತೇನೆ. ಈ ಸಲ ಬುಡದಿಂದ ಹೇಳುತ್ತೇನೆ, ದಯವಿಟ್ಟು ನೆರೆಕರೆಯವರಿಗೂ ತಿಳಿಸಿ.

ಪೈಲಟ್ ಲೈಸೆನ್ಸಿಗೆ ಪ್ಲಸ್ ಟುವಿನ ಫಿಸಿಕ್ಸ್, ಮ್ಯಾಥ್ಸ್ ಬೇಕೆಂಬ ನಿಯಮ ಇದೆ. ಅದನ್ನೇ ವಿಮಾನದ ಎಲ್ಲ ಕೆಲಸಕ್ಕೂ ಅಂಟಿಸಿದ್ದರಿಂದ ಈ ತಪ್ಪು ತಿಳಿವಳಿಕೆ. ನಮ್ಮ ಕೆಲಸ ಬೇರೆ: ಯಾವ ಫ್ಲೈಟಿಗೆ ಯಾವ ಪೈಲಟ್, ಯಾವ ಕ್ಯಾಬಿನ್ ಕ್ರೂ, ಎಷ್ಟು ಹೊತ್ತಿಗೆ ರಿಪೋರ್ಟಿಂಗ್, ಆಮೇಲೆ ಎಷ್ಟು ರೆಸ್ಟ್ ಎಂದು ನೋಡಿಕೊಳ್ಳುವುದು. ಇದಕ್ಕೆ ಡಿಜಿಸಿಎ (ವಿಮಾನಯಾನದ ಮೇಲ್ವಿಚಾರಣೆ ನೋಡುವ ಸರಕಾರಿ ಸಂಸ್ಥೆ) ಲೈಸೆನ್ಸ್ ಎಂಬುದೇ ಇಲ್ಲ. ಸಾಮಾನ್ಯವಾಗಿ ಒಂದು ಡಿಗ್ರಿ ಕೇಳುತ್ತಾರೆ; ಸಾಫ್ಟ್‌ವೇರನ್ನೂ ನಿಯಮಗಳನ್ನೂ ಕಂಪೆನಿಯೇ ಕಲಿಸುತ್ತದೆ. ಏವಿಯೇಷನ್ ಡಿಪ್ಲೊಮಾ ಇಲ್ಲದಿದ್ದರೆ ಬಾಗಿಲೇ ತೆರೆಯದು ಎಂದು ಯಾರಾದರೂ ಹೆದರಿಸಿದರೆ, ಅಡಿಕೆ ಮಾರಿದ ದುಡ್ಡನ್ನು ಅವರ ಕೈಗೆ ಕೊಡಬೇಡಿ.

ಹಾಗಾದರೆ ಲೆಕ್ಕವೇ ಬೇಡವೇ? ಬೇಕು, ಆದರೆ ಬೇರೆ ಲೆಕ್ಕ. ನಮ್ಮ ಸ್ಕ್ರೀನಿನಲ್ಲಿ ಸಮಯ ಯುಟಿಸಿಯಲ್ಲಿ ಇರುತ್ತದೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಸಮಯದಲ್ಲಿ. 12ನೇ ತಾರೀಕು 20:40 ಎಂದರೆ ನಮ್ಮ ಊರಲ್ಲಿ 13ನೇ ತಾರೀಕು ಬೆಳಗಿನ ಜಾವ 2:10, ದುಬೈಯಲ್ಲಿ 13ರ 0:40. ತಾರೀಕು ತಪ್ಪಿತೋ, ಕ್ಯಾಪ್ಟನ್ ಮನೆಯಲ್ಲಿ ಮಲಗಿರುತ್ತಾರೆ, ಪ್ರಯಾಣಿಕರು ಗೇಟಿನಲ್ಲಿ ಕಾಯುತ್ತಿರುತ್ತಾರೆ. ಜೊತೆಗೆ ಡ್ಯೂಟಿ ಮಿತಿಗಳು: ಪೈಲಟ್ ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ, ವಾರದ ರೆಸ್ಟ್ 36 ಗಂಟೆ ಇದ್ದದ್ದು 2025ರ ಜುಲೈಯಿಂದ 48 ಆಗಿದೆ. ಇದೆಲ್ಲ ಕೂಡಿಸಿ ಕಳೆಯುವ ಲೆಕ್ಕ. ಟ್ಯಾಲಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ಎದ್ದು ಹೋಗಲಾಗದ ಬಿಕಾಂ ಹುಡುಗಿಗೆ ಹೇಳಿ ಮಾಡಿಸಿದ ಕೆಲಸ ಇದು. ಕಾಮರ್ಸಿನಿಂದ ಬಂದವರು ಇಲ್ಲಿ ಮೇಲೆ ಬಂದದ್ದು ಕಂಡಾಗ ನನಗೆ ನಿಜಕ್ಕೂ ಹೆಮ್ಮೆ.

ಒಂದು ಮಾತು ಮೊದಲೇ ತಿಳಿದಿರಲಿ. ಕಣ್ಣೂರು ಏರ್‌ಪೋರ್ಟ್ ಹತ್ತಿರ ಬಂತೆಂದು ಈ ಕೆಲಸ ಹತ್ತಿರ ಬರಲಿಲ್ಲ. ದೊಡ್ಡ ಕಂಪೆನಿಗಳ ಕಂಟ್ರೋಲ್ ರೂಮು ಗುರುಗ್ರಾಮದಂಥ ಕಡೆ. ರಾತ್ರಿ ಪಾಳಿ ಇದ್ದೇ ಇದೆ, ಓಣಂ, ದೀಪಾವಳಿಗೆ ರಜೆ ಖಾತ್ರಿ ಇಲ್ಲ.

ಇದರ ಜೊತೆಗೇ ಗಲ್ಫಿಗೆ ಹೋಗಿ ಬರುವ ನಮ್ಮವರ ಒಂದು ಸಿಟ್ಟಿನ ಬಗ್ಗೆಯೂ ಹೇಳಬೇಕು: "ವಿಮಾನ ಎದುರಿಗೇ ಉಂಟು, ಪೈಲಟೂ ಇದ್ದಾರೆ, ಮತ್ತೆ ಯಾಕೆ ಹೊರಡುವುದಿಲ್ಲ?" ಮಳೆಗಾಲದಲ್ಲಿ ಮಂಗಳೂರಿನಲ್ಲಿ ಇಳಿಯಲಾಗದೆ ವಿಮಾನ ಬೆಂಗಳೂರಿಗೆ ಹೋಯಿತು ಎಂದಿಟ್ಟುಕೊಳ್ಳಿ. ಮೋಡ ಸರಿಯುವಷ್ಟರಲ್ಲಿ ಆ ಕ್ರೂವಿನ ಡ್ಯೂಟಿ ಗಂಟೆ ಮುಗಿಯುತ್ತಾ ಬಂದಿರುತ್ತದೆ. ಅದು ಅವರು ರಿಪೋರ್ಟ್ ಮಾಡಿದ ಹೊತ್ತಿನಿಂದಲೇ ಓಡುತ್ತಿರುತ್ತದೆ, ನೆಲದಲ್ಲಿ ಕಾದದ್ದೂ ಸೇರಿ. ಸ್ವಲ್ಪ ವಿಸ್ತರಿಸಲು ಅವಕಾಶ ಇದೆ, ಆದರೆ ಅದು ಕಮಾಂಡರ್, ಅಂದರೆ ಆ ವಿಮಾನದ ಹೊಣೆ ಹೊತ್ತ ಕ್ಯಾಪ್ಟನ್, ಒಪ್ಪಿದರೆ ಮಾತ್ರ. ನಿದ್ದೆಗೆಟ್ಟವರನ್ನು ಶೆಡ್ಯೂಲರ್ ಒತ್ತಾಯಿಸುವಂತಿಲ್ಲ, ಒತ್ತಾಯಿಸಲೂ ಬಾರದು. ಆಗ ಸ್ಟ್ಯಾಂಡ್‌ಬೈಯಲ್ಲಿ, ಅಂದರೆ ಕರೆದರೆ ಬರಲು ಸಿದ್ಧವಾಗಿ, ಇರುವವರಿಗೆ ಫೋನು ಹೋಗುತ್ತದೆ. ಅವರು ತಯಾರಾಗಿ ಏರ್‌ಪೋರ್ಟ್ ಮುಟ್ಟುವವರೆಗೆ ವಿಮಾನ ಅಲ್ಲೇ ನಿಂತಿರುತ್ತದೆ.