ಘಿಬ್ಲಿಯ ಮೌನ ಎಲ್ಲರಿಗೂ ಒಗ್ಗುವುದಿಲ್ಲ

ಅನಿಮೇಷನ್ ಚಿತ್ರದ ಬಿಡುಗಡೆಯ ಬಗ್ಗೆ ಸಲಹೆ ಕೇಳಿಕೊಂಡು ಬರುವ ನಿರ್ಮಾಪಕರಲ್ಲಿ ಈಚೆಗೆ ಒಂದು ಮಾತು ರೂಢಿಯಾಗಿಬಿಟ್ಟಿದೆ: ‘ಮಿಯಾಝಾಕಿ ಅವರ ಚಿತ್ರಕ್ಕೆ ಪ್ರಚಾರವೇ ಇರಲಿಲ್ಲವಲ್ಲ ಸರ್, ಆದರೂ ಆಸ್ಕರ್ ಬಂತು.’ ಜಪಾನಿನ ಅನಿಮೇಷನ್ ಸಂಸ್ಥೆ ಸ್ಟುಡಿಯೊ ಘಿಬ್ಲಿಯ ನಿರ್ದೇಶಕ ಹಯಾವೊ ಮಿಯಾಝಾಕಿ ಅವರ ‘ದಿ ಬಾಯ್ ಅಂಡ್ ದಿ ಹೆರಾನ್’ ಬಗೆಗಿನ ಮಾತದು. ಕೈಯಲ್ಲಿ ಹಣ ಉಳಿಯದವರು ಹೀಗೆ ಹೇಳಿ ಸಮಾಧಾನಪಟ್ಟುಕೊಂಡರೆ ನನ್ನ ಆಕ್ಷೇಪವಿಲ್ಲ. ಹಣವಿದ್ದೂ ಇದನ್ನೇ ವಾದವಾಗಿ ಮುಂದಿಡುವವರನ್ನು ಕಂಡಾಗ ತಾಳ್ಮೆ ಕೆಡುತ್ತದೆ, ಏಕೆಂದರೆ ಅವರು ಅರ್ಧ ಸುದ್ದಿಯನ್ನಷ್ಟೇ ಓದಿರುತ್ತಾರೆ.

ಆ ಅರ್ಧ ನಿಜವೇ. 2023ರ ಜುಲೈ 14ರಂದು ‘ದಿ ಬಾಯ್ ಅಂಡ್ ದಿ ಹೆರಾನ್’ ಜಪಾನಿನಲ್ಲಿ ತೆರೆಕಾಣುವ ಮುಂಚೆ ಟ್ರೇಲರ್ ಆಗಲಿ, ಟಿವಿ ಜಾಹೀರಾತಾಗಲಿ ಹೊರಬಂದಿರಲಿಲ್ಲ. ಬಕಪಕ್ಷಿಯ ಚಿತ್ರವಿದ್ದ ಒಂದು ಪೋಸ್ಟರನ್ನು ಬಿಟ್ಟರೆ ಪ್ರೇಕ್ಷಕರಿಗೆ ಏನೂ ಸಿಕ್ಕಿರಲಿಲ್ಲ. ಅದು ನಿರ್ಮಾಪಕ ತೊಶಿಯೊ ಸುಝುಕಿ ಬೇಕೆಂದೇ ಕೈಗೊಂಡ ತೀರ್ಮಾನ. ಹಾಗೆ ತೀರ್ಮಾನಿಸುವ ಸ್ವಾತಂತ್ರ್ಯ ಅವರಿಗೆ ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಜಪಾನಿನ ಹೆಚ್ಚಿನ ಅನಿಮೆ ಚಿತ್ರಗಳಿಗೆ ಟಿವಿ ವಾಹಿನಿ, ಪ್ರಕಾಶಕರು, ಜಾಹೀರಾತು ಕಂಪನಿ, ಆಟಿಕೆ ತಯಾರಕರು ಸೇರಿದ ‘ನಿರ್ಮಾಣ ಸಮಿತಿ’ ಬಂಡವಾಳ ಹಾಕುತ್ತದೆ, ಮತ್ತು ಹಣ ಹಾಕಿದ ಪ್ರತಿಯೊಬ್ಬರಿಗೂ ಪ್ರಚಾರ ಬೇಕಾಗಿರುತ್ತದೆ. ಈ ಚಿತ್ರಕ್ಕೆ ಅಂಥ ಸಮಿತಿ ಇರಲಿಲ್ಲ. ಸ್ಟುಡಿಯೊ ಘಿಬ್ಲಿಯೇ ಹಣ ಹೂಡಿತ್ತು. ಅದರ ಹಳೆಯ ಚಿತ್ರಗಳು ನಿಪ್ಪಾನ್ ಟಿವಿಯ ಶುಕ್ರವಾರ ರಾತ್ರಿಯ ಕಾರ್ಯಕ್ರಮದಲ್ಲಿ ದಶಕಗಳಿಂದ ಮತ್ತೆ ಮತ್ತೆ ಪ್ರಸಾರವಾಗಿವೆ. ಮಿಯಾಝಾಕಿ ಅವರದೇ 2001ರ ‘ಸ್ಪಿರಿಟೆಡ್ ಅವೇ’ ಜಪಾನಿನ ಗಳಿಕೆಯ ದಾಖಲೆಯನ್ನು 2020ರ ಕೊನೆಯವರೆಗೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 2013ರಲ್ಲಿ ನಿವೃತ್ತಿ ಘೋಷಿಸಿದ್ದ ನಿರ್ದೇಶಕರು ಹತ್ತು ವರ್ಷಗಳ ಮೇಲೆ ಮತ್ತೊಂದು ಚಿತ್ರ ತಂದು, ಅದರ ಬಗ್ಗೆ ಏನನ್ನೂ ಹೇಳದಿದ್ದರೆ, ಹೇಳದಿರುವುದೇ ಅಲ್ಲಿ ಸುದ್ದಿಯಾಗುತ್ತದೆ.

ಜಪಾನಿನ ಗಡಿ ದಾಟಿದ ಚಿತ್ರಕ್ಕೆ ಈ ಮೌನ ಉಳಿಯಲಿಲ್ಲ ಎಂಬುದು ಸುದ್ದಿಯ ಉಳಿದರ್ಧ. ಸೆಪ್ಟೆಂಬರಿನಲ್ಲಿ ಅದು ಟೊರಾಂಟೊ ಚಿತ್ರೋತ್ಸವದ ಉದ್ಘಾಟನಾ ಚಿತ್ರವಾಯಿತು. ಅಮೆರಿಕದ ವಿತರಕರಾದ ಜಿಕಿಡ್ಸ್ ಟ್ರೇಲರ್ ಬಿಟ್ಟರು, ಕ್ರಿಶ್ಚಿಯನ್ ಬೇಲ್, ರಾಬರ್ಟ್ ಪ್ಯಾಟಿನ್ಸನ್ ಅವರಂಥ ತಾರೆಯರಿಂದ ಇಂಗ್ಲಿಷ್ ಡಬ್ಬಿಂಗ್ ಮಾಡಿಸಿದರು. ಡಿಸೆಂಬರಿನಲ್ಲಿ ಬಿಡುಗಡೆಯಾದ ಮೊದಲ ವಾರಾಂತ್ಯದಲ್ಲಿ ಚಿತ್ರ ಸುಮಾರು 1.28 ಕೋಟಿ ಡಾಲರ್ ಗಳಿಸಿ ಅಲ್ಲಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆಸ್ಕರ್ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಪ್ರಚಾರಕ್ಕೆ ಹಣ ಸುರಿದರೆ ಸಾಕೆಂದೂ ನಾನು ಹೇಳುತ್ತಿಲ್ಲ. ಜಪಾನಿನಲ್ಲಿ ಗಳಿಕೆಯ ದಾಖಲೆ ಮುರಿದಿದ್ದ ಮಿಯಾಝಾಕಿ ಅವರ ‘ಪ್ರಿನ್ಸೆಸ್ ಮೊನೊನೊಕೆ’ 1999ರ ಅಕ್ಟೋಬರಿನಲ್ಲಿ ಅಮೆರಿಕಕ್ಕೆ ಹೋದಾಗಲೂ ತಾರೆಯರ ಧ್ವನಿಯಿತ್ತು, ಇಂಗ್ಲಿಷ್ ಸಂಭಾಷಣೆಗೆ ಹೆಸರಾಂತ ಲೇಖಕರಿದ್ದರು, ವಿಮರ್ಶಕರೂ ಮೆಚ್ಚಿದರು; ಗಳಿಕೆ ಮಾತ್ರ ಸುಮಾರು 23 ಲಕ್ಷ ಡಾಲರಿಗೆ ನಿಂತಿತು. ಮರುತಿಂಗಳೇ ಬಂದ ಮೊದಲ ಪೋಕೆಮಾನ್ ಚಿತ್ರವನ್ನು ವಿಮರ್ಶಕರು ಹಳಿದರೂ ಅದು ಎಂಟು ಕೋಟಿ ಡಾಲರಿಗೂ ಮೀರಿ ಗಳಿಸಿತು. ಎಷ್ಟು ಚಿತ್ರಮಂದಿರ ಸಿಕ್ಕಿತು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಒಂದೇ ಕಾರಣ ಹೇಳುವುದು ತಪ್ಪಾದೀತು. ಆದರೂ ಪೋಕೆಮಾನ್ ಪಾತ್ರಗಳನ್ನು ಅಲ್ಲಿನ ಮಕ್ಕಳು ಟಿವಿಯಲ್ಲಿ ನೋಡಿದ್ದರು, ಅದರ ಕಾರ್ಡುಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ. ನಿಮ್ಮ ಚಿತ್ರವನ್ನು ಈಗಾಗಲೇ ಬಲ್ಲವರು ಯಾರು? ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಬೆಂಗಳೂರಿನ ಸಣ್ಣ ಸ್ಟುಡಿಯೊ ಒಂದರ ಹುಡುಗರು ತಂದ ಪೋಸ್ಟರಿನಲ್ಲಿ ನೀರಿನ ಮೇಲೆ ತೇಲುವ ಒಂಟಿ ಚಪ್ಪಲಿಯಿತ್ತು. ಚಿತ್ರದ ಹೆಸರು ಮೂಲೆಯಲ್ಲಿ, ತಾರೀಖಿಲ್ಲ, ಭಾಷೆಯಿಲ್ಲ. ಬುಕಿಂಗ್ ಆ್ಯಪ್‌ನಲ್ಲಿ ಕಥಾಸಾರದ ಜಾಗವೂ ಖಾಲಿ. ‘ಕುತೂಹಲ ಹುಟ್ಟಲಿ ಅಂತ, ಸರ್’ ಎಂದರು. ಚಿತ್ರವೇನೋ ಸೊಗಸಾಗಿತ್ತು, ಸಾವಿನ ಬಗ್ಗೆ ಅಷ್ಟು ಹಗುರವಾಗಿ ಮಾತಾಡಬಲ್ಲ ಹುಡುಗರನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಶೋ ಹಂಚುವವರಿಗೆ ಅದೆಲ್ಲ ಹೇಗೆ ತಿಳಿಯಬೇಕು? ಅನಿಮೇಷನ್ ಎಂದೊಡನೆ ಮಕ್ಕಳ ಚಿತ್ರವೆಂದುಕೊಂಡು ಬೆಳಗಿನ ಒಂಬತ್ತೂವರೆಯ ಶೋ ಕೊಟ್ಟರು. ನೀವು ಖಾಲಿ ಬಿಟ್ಟ ಜಾಗವನ್ನು ಬೇರೆಯವರು ತಮಗೆ ತೋಚಿದಂತೆ ತುಂಬುತ್ತಾರೆ. ಘಿಬ್ಲಿ ಬಿಟ್ಟ ಜಾಗವನ್ನು ಜಪಾನಿನಲ್ಲಿ ಘಿಬ್ಲಿಯ ಹೆಸರೇ ತುಂಬಿತ್ತು.

ನಮ್ಮಲ್ಲಿ ಪ್ರೇಕ್ಷಕರಿಲ್ಲವೆಂಬ ಗೊಣಗಾಟವನ್ನೂ ನಾನು ಒಪ್ಪುವುದಿಲ್ಲ. ಜಪಾನಿನ ಇನ್ನೊಬ್ಬ ಅನಿಮೆ ನಿರ್ದೇಶಕ ಮಕೊಟೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯೂ’ 2019ರ ಅಕ್ಟೋಬರಿನಲ್ಲಿ ಭಾರತದ ತೆರೆಗೆ ಬಂದದ್ದು ಅಭಿಮಾನಿಗಳು ಆನ್‌ಲೈನ್ ಮನವಿಗೆ ಸಾವಿರಾರು ಸಹಿ ಹಾಕಿದ ಮೇಲೆಯೇ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಇಲ್ಲಿ ಬಿಡುಗಡೆಯಾದಾಗ ಜಪಾನಿ, ಇಂಗ್ಲಿಷ್‌ಗಳ ಜೊತೆಗೆ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಕೂಡ ಇತ್ತು, ಕನ್ನಡ ಇರಲಿಲ್ಲ. ಮುಂದಿನ ಸಲ ಇಂಥ ಚಿತ್ರದ ಹಕ್ಕು ಕೊಳ್ಳಲು ಹೊರಟವರು ಪೋಸ್ಟರಿನ ಚರ್ಚೆಗೆ ಕೂರುವ ಮುಂಚೆ ಈ ಕನ್ನಡ ಡಬ್ಬಿಂಗಿನ ಲೆಕ್ಕವನ್ನು ಹಾಕಿಕೊಂಡು ಬಂದರೆ ನನಗೂ ಮಾತಾಡಲು ಅನುಕೂಲ.